ಆನೆಗಿಂತ ಮೊದಲು ಮಾವುತ

ಭಾನುವಾರ ರಾತ್ರಿ ಒಂಬತ್ತು ಗಂಟೆ. ಮರುದಿನ ಬೆಳಿಗ್ಗೆ ಮಗಳಿಗೆ ಉದ್ಯೋಗದ ಸಂದರ್ಶನ. ಸಂದರ್ಶಿಸುವ ಮಹಾಶಯರು ಸಮುದ್ರದಾಚೆ ಕುಳಿತಿರುತ್ತಾರೆ. ಈಕೆ ಬೆಂಗಳೂರಿನ ತನ್ನ ಕೋಣೆಯಲ್ಲಿ ಕಂಪ್ಯೂಟರಿನ ಎದುರು ಕುಳಿತು ಉತ್ತರ ಹೇಳಬೇಕು. ಎಲ್ಲವೂ ಸುಸೂತ್ರವಾಗಿರಲೆಂಬ ಸದುದ್ದೇಶದಿಂದ ತಂದೆ ಹಜಾರದ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುತ್ತಾರೆ. ಆ ಕಂಪ್ಯೂಟರು ಸಾಮಾನ್ಯವಾದುದಲ್ಲ. ಎರಡು ಕಂಪೆನಿಗಳಿಂದ ಮನೆಗೆ ಬರುವ ಎರಡು ಇಂಟರ್‌ನೆಟ್ ಸಂಪರ್ಕಗಳೂ ಅದರೊಳಗೆ ಹೊಕ್ಕು, ಅದರ ಅಪ್ಪಣೆ ಪಡೆದೇ ಮನೆಯ ಉಳಿದ ಯಂತ್ರಗಳಿಗೆ ಹರಿಯುತ್ತವೆ. ರಸ್ತೆ ಅಗೆಯುವವರು ಒಂದು ಕಂಪೆನಿಯ ಕೇಬಲ್ಲನ್ನು ಕತ್ತರಿಸಿದರೆ ಇನ್ನೊಂದು ಕೈಹಿಡಿಯಲೆಂಬುದು ಏರ್ಪಾಡು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಯಂತ್ರ ಮತ್ತೆ ಎಚ್ಚರಗೊಂಡಿತು. ಎರಡು ಸಂಪರ್ಕಗಳೂ ಜೀವಂತ. ಆದರೆ ಮನೆಯೊಳಗೆ ಇಂಟರ್‌ನೆಟ್ ಇಲ್ಲ!

“ಏನು ಮಾಡಿದಿರಿ, ಅಪ್ಪ?” ಎಂದಳು ಮಗಳು, ಕೋಣೆಯಿಂದ ಓಡಿಬಂದು.

“ಏನೂ ಮಾಡಲಿಲ್ಲವಮ್ಮ. ಹೊಸದು ಹಾಕಿದೆ, ಅಷ್ಟೆ.”

“ಓಡುತ್ತಿದ್ದ ಗಾಡಿಯ ಚಕ್ರ ಯಾಕಪ್ಪ ಬಿಚ್ಚಬೇಕಾಗಿತ್ತು?” ಎಂದು ಒಳಗಿನಿಂದ ಅಜ್ಜಿಯ ಪ್ರಶ್ನೆ.

ಇಂಥ ಮನೆಗಳು ಊರಿನಲ್ಲಿ ಒಂದೆರಡಲ್ಲ. ಆದುದರಿಂದ ಈ ಕಲ್ಪಿತ ಸಂಸಾರವನ್ನು ಓದುಗರು ತಮ್ಮ ಬೀದಿಯದೆಂದೇ ಭಾವಿಸಿಕೊಳ್ಳಬಹುದು. ಆ ಕಂಪ್ಯೂಟರಿನಲ್ಲಿ ಇದ್ದುದು ನಾಲ್ಕು ಕಿಂಡಿಗಳ, ಎಂದರೆ ನಾಲ್ಕು ಪೋರ್ಟುಗಳ, ಒಂದು ನೆಟ್‌ವರ್ಕ್ ಕಾರ್ಡು. ಎರಡು ಪೋರ್ಟುಗಳಿಗೆ ಹೊರಗಿನ ಎರಡು ಕೇಬಲ್ಲುಗಳು. ಮೂರನೆಯದರಿಂದ ಮನೆಯವರ ಕಂಪ್ಯೂಟರುಗಳಿಗೆ ಸಂಪರ್ಕ. ನಾಲ್ಕನೆಯದರಿಂದ ಬಾಗಿಲ ಬಳಿಯ ಕ್ಯಾಮೆರಾ, ದೂರದರ್ಶನದ ಪೆಟ್ಟಿಗೆ ಮೊದಲಾದ, ಅಷ್ಟಾಗಿ ನಂಬಲಾಗದ ಸಾಧನಗಳಿಗೆ. ಕಾರ್ಡು ಸುಟ್ಟಿರಲಿಲ್ಲ, ಸಡಿಲವಾಗಿರಲಿಲ್ಲ. ಅದರ ಪುಟ್ಟ ಹಸಿರು ದೀಪಗಳು ಏನೂ ಆಗಿಲ್ಲವೆಂಬಂತೆ ಮಿನುಗುತ್ತಲೇ ಇದ್ದುವು. ಕಾಣೆಯಾದುದು ಕಾರ್ಡಲ್ಲ, ಅದರ ಡ್ರೈವರು.

ದಸರೆಯ ಮೆರವಣಿಗೆಯಲ್ಲಿ ನೆರೆದವರ ಕಣ್ಣೆಲ್ಲ ಅಂಬಾರಿಯ ಮೇಲೆ. ಆನೆಯ ಕಿವಿ ಮಾತ್ರ ತನ್ನ ಕತ್ತಿನ ಮೇಲೆ ಕುಳಿತ ಮಾವುತನ ಮಾತಿನ ಮೇಲೆ. ನಿಲ್ಲು, ನಡೆ, ತಿರುಗು ಎಂಬುದನ್ನು ಅವನು ಯಾವ ಶಬ್ದದಿಂದ, ಕಾಲಿನ ಯಾವ ಒತ್ತಿನಿಂದ ತಿಳಿಸುತ್ತಾನೆಂಬುದು ಅವನಿಗೂ ಆನೆಗೂ ಮಾತ್ರ ಗೊತ್ತು. ಕಂಪ್ಯೂಟರಿನ ಕಾರ್ಡಿಗೂ ಇಂಥ ಮಾವುತನೊಬ್ಬನು ಬೇಕು. ಕಾರ್ಡಿನ ಮೇಲಿರುವ ಚಿಪ್ಪಿಗೆ ‘ಈ ಮಾಹಿತಿಯನ್ನು ಹೊರಗೆ ಕಳುಹಿಸು, ಬಂದುದನ್ನು ಇಲ್ಲಿ ಇಳಿಸು’ ಎಂದು ಅದರದೇ ಭಾಷೆಯಲ್ಲಿ ಹೇಳುವ ಕ್ರಮವಿಧಿಯೇ ಡ್ರೈವರು. ಆ ಭಾಷೆ ಒಂದೊಂದು ಚಿಪ್ಪಿಗೆ ಒಂದೊಂದು ಬಗೆ. ಕೆಲವು ತಯಾರಕರು ಅದನ್ನು ಗ್ರಂಥರೂಪದಲ್ಲಿ ಮುದ್ರಿಸಿ ಯಾರು ಬೇಕಾದರೂ ಓದಿಕೊಳ್ಳಿ ಎನ್ನುತ್ತಾರೆ. ಇನ್ನು ಕೆಲವರು ಭಾಷೆಯನ್ನು ಬಚ್ಚಿಟ್ಟುಕೊಂಡು, ತಮ್ಮದೇ ಮಾವುತನನ್ನು ಮುಸುಕು ಹಾಕಿ ಕಳುಹಿಸುತ್ತಾರೆ. ಕೊಂಡ ದಿನ ಎರಡು ಆನೆಗಳೂ ಒಂದೇ ರೀತಿ ನಡೆಯುತ್ತವೆ. ವ್ಯತ್ಯಾಸ ತಿಳಿಯುವುದು ಮಾವುತ ಕೆಲಸ ಬಿಟ್ಟುಹೋದ ದಿನ.

ಲಿನಕ್ಸಿನ ಹೃದಯಭಾಗಕ್ಕೆ ಕರ್ನೆಲ್ ಎಂದು ಹೆಸರು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಕರ್ನೆಲ್ಲಿನ ಹೊಸ ಆವೃತ್ತಿ ಈಗ ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಪ್ರತಿಯೊಂದರಲ್ಲಿಯೂ ಒಳಗಿನ ಗೋಡೆ ಬಾಗಿಲುಗಳು ಅಷ್ಟಿಷ್ಟು ಬದಲಾಗುತ್ತವೆ. ಒಳಗಿನ ರಚನೆಯನ್ನು ಸ್ಥಿರವಾಗಿಡುವೆವೆಂದು ಅದನ್ನು ನಿರ್ಮಿಸುವವರು ಮಾತು ಕೊಟ್ಟಿಲ್ಲ, ಕೊಡುವುದೂ ಇಲ್ಲವೆಂದು ಸ್ಪಷ್ಟವಾಗಿಯೇ ಹೇಳಿದ್ದಾರೆ. ಡ್ರೈವರು ಕರ್ನೆಲ್ಲಿನೊಳಗೇ ಸೇರಿದ್ದರೆ ಇದರಿಂದ ಚಿಂತೆಯಿಲ್ಲ. ಬಾಗಿಲನ್ನು ಕದಲಿಸಿದವನೇ ಆ ಬಾಗಿಲಿನಿಂದ ಓಡಾಡುವ ಎಲ್ಲ ಡ್ರೈವರುಗಳನ್ನೂ ತಿದ್ದತಕ್ಕದ್ದೆಂಬುದು ಅಲ್ಲಿನ ಪದ್ಧತಿ. ಹೊರಗಿನ ಡ್ರೈವರಿನ ಗತಿ ಬೇರೆ. ತಯಾರಕನು ಮನಸ್ಸಿಟ್ಟು ತಿದ್ದಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸ ಮಾದರಿ ಮಾರುವವನಿಗೆ ಹಳೆಯ ಮಾದರಿಯ ಮೇಲೆ ಮನಸ್ಸೆಲ್ಲಿಂದ ಬರಬೇಕು? ನಮ್ಮ ಗೃಹಸ್ಥರ ಕಾರ್ಡಿನೊಂದಿಗೆ ಬಂದುದು ಇಂಥ ಹೊರಗಿನ ಡ್ರೈವರು. ಅದನ್ನು ಬರೆದವರು ಕಡೆಯ ಬಾರಿ ಮುಟ್ಟಿ ಎಷ್ಟೋ ವರ್ಷಗಳಾಗಿದ್ದುವು.

ಮಗಳು ಸ್ವಲ್ಪ ಜಾಣೆ. ಯಂತ್ರವನ್ನು ಮತ್ತೆ ಚಾಲೂ ಮಾಡಿ, ಮೊದಲ ಪರದೆಯ ಪಟ್ಟಿಯಲ್ಲಿ ಹಳೆಯ ಕರ್ನೆಲ್ ಇನ್ನೂ ಉಳಿದಿರುವುದನ್ನು ಕಂಡು ಅದನ್ನೇ ಆರಿಸಿದಳು. ನಾಲ್ಕು ಪೋರ್ಟುಗಳೂ ಮರಳಿ ಬಂದುವು. ಸಂದರ್ಶನಕ್ಕೇನೋ ದಾರಿಯಾಯಿತು. ಆದರೆ ಹಳೆಯ ಕರ್ನೆಲ್ಲಿಗೆ ಜೋತುಬಿದ್ದಿರುವುದೆಂದರೆ ಕಳ್ಳರಿಗೆ ಗೊತ್ತಾಗಿರುವ ಬೀಗವನ್ನು ಬದಲಿಸದೆ ಇರುವಂತೆ. ಹೊಸ ಆವೃತ್ತಿಗಳಲ್ಲಿ ಮುಚ್ಚಿದ ಕನ್ನಗಳು ಅದರಲ್ಲಿ ತೆರೆದೇ ಇರುತ್ತವೆ. ಅದೂ ಇಡೀ ಮನೆಯ ಹೆಬ್ಬಾಗಿಲನ್ನು ಕಾಯುವ ಯಂತ್ರದಲ್ಲಿ! ಕಾರ್ಡನ್ನು ಬದಲಿಸಲೇಬೇಕು. ಹಾಗಾದರೆ ಯಾವುದನ್ನು ತರುವುದು?

ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ನಾಲ್ಕು ಪೋರ್ಟುಗಳು ನಿಜವಾಗಿಯೂ ಬೇಕೆ? ಮನೆಯಲ್ಲಿ ಕೇಬಲ್ ಸಿಕ್ಕಿಸಲು ನಾಲ್ಕಾರು ಕಿಂಡಿಗಳು ಹೆಚ್ಚಾಗಿ ಬೇಕೆಂಬುದಷ್ಟೇ ಅಗತ್ಯವಾದರೆ, ಅದಕ್ಕೆ ಸ್ವಿಚ್ ಎಂಬ ಸಣ್ಣ ಪೆಟ್ಟಿಗೆ ಸಾಕು. ಅದು ಅಗ್ಗ, ಡ್ರೈವರಿನ ಗೊಡವೆಯೇ ಇಲ್ಲ. ಕಾರ್ಡಿನ ನಾಲ್ಕು ಪೋರ್ಟುಗಳು ನಾಲ್ಕು ಪ್ರತ್ಯೇಕ ದಾರಿಗಳು. ಒಂದರಿಂದ ಬಂದುದನ್ನು ತಡೆದು, ನೋಡಿ, ಇನ್ನೊಂದಕ್ಕೆ ಬಿಡಬೇಕೋ ಬೇಡವೋ ಎಂದು ಕಂಪ್ಯೂಟರು ತೀರ್ಮಾನಿಸಬೇಕಾದ ಕಡೆ ಮಾತ್ರ ಅವುಗಳ ಉಪಯೋಗ. ಎರಡು ಇಂಟರ್‌ನೆಟ್ ಸಂಪರ್ಕಗಳಿರುವ ಮನೆ, ಕ್ಯಾಮೆರಾಗಳನ್ನು ಮನೆಯವರ ಕಡತಗಳಿಂದ ದೂರವಿಡಬೇಕೆನ್ನುವ ಮನೆ, ಮಹಡಿಯ ಬಾಡಿಗೆದಾರರಿಗೆ ಬೇರೆ ದಾರಿ ಕೊಡಬೇಕಾದ ಮನೆ, ಇವರಿಗೆ ಅದು ಬೇಕು. ಉಳಿದವರು ದುಡ್ಡನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ.

ಒಂದಕ್ಕಿಂತ ಹೆಚ್ಚು ದಾರಿಗಳ ಈ ಹಂಬಲ ಲಿನಕ್ಸಿನಲ್ಲಿ ಬಹು ಹಳೆಯದು. ಅಮೆರಿಕದ ಮೇರಿಲೆಂಡ್ ಪ್ರಾಂತದಲ್ಲಿ ನಾಸಾ ಸಂಸ್ಥೆಯ ಗಾಡರ್ಡ್ ಅಂತರಿಕ್ಷ ಕೇಂದ್ರವಿದೆ. ಅಲ್ಲಿ 1994ರಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಎಂಬಿಬ್ಬರು ಪೇಟೆಯಲ್ಲಿ ಸಿಗುವ 16 ಸಾಧಾರಣ ಕಂಪ್ಯೂಟರುಗಳನ್ನು ಜೋಡಿಸಿ ಮಹಾಗಣಕದ ಕೆಲಸವನ್ನು ಅಗ್ಗದಲ್ಲಿ ಮಾಡಿಸಲು ಹೊರಟರು. ಅದಕ್ಕೆ ಬೆವುಲ್ಫ್ ಎಂದು ಪುರಾತನ ಆಂಗ್ಲ ಕಾವ್ಯವೊಂದರ ವೀರನ ಹೆಸರಿಟ್ಟರು. ಲೆಕ್ಕ ಹಾಕುವ ವೇಗಕ್ಕೆ ಅಂದಿನ ಈಥರ್ನೆಟ್ ತಂತಿ ಸಾಲದಾಯಿತು. ಒಂದೊಂದು ಯಂತ್ರಕ್ಕೂ ಒಂದಕ್ಕಿಂತ ಹೆಚ್ಚು ತಂತಿಗಳನ್ನು ಕೊಟ್ಟು, ಅವೆಲ್ಲವೂ ಒಂದೇ ಅಗಲವಾದ ದಾರಿಯಂತೆ ವರ್ತಿಸುವ ಉಪಾಯವನ್ನು ಬೆಕರ್ ಬರೆದುಕೊಟ್ಟನು. ಅದಷ್ಟೇ ಅಲ್ಲ; ಆ ವರ್ಷಗಳಲ್ಲಿ ಪೇಟೆಗೆ ಬಂದ ಬಗೆಬಗೆಯ ಕಾರ್ಡುಗಳಿಗೆ ಒಂದರ ಮೇಲೊಂದರಂತೆ ಡ್ರೈವರುಗಳನ್ನು ಬರೆದು ಜಗತ್ತಿಗೆ ಬಿಟ್ಟುಕೊಟ್ಟವನೂ ಅವನೇ. ಲಿನಕ್ಸ್ ಯಂತ್ರಗಳು ಜಾಲಕ್ಕೆ ಸೇರಿದುದರಲ್ಲಿ ಈ ಒಬ್ಬ ಮನುಷ್ಯನ ಪಾಲು ದೊಡ್ಡದು.

ಅವನ ಡ್ರೈವರುಗಳಲ್ಲಿ ‘ಟ್ಯುಲಿಪ್’ ಎಂಬುದು ಹೆಚ್ಚು ಪ್ರಸಿದ್ಧ. ಅದು ಡಿಜಿಟಲ್ ಈಕ್ವಿಪ್‌ಮೆಂಟ್ ಎಂಬ ಕಂಪೆನಿಯ ಚಿಪ್ಪುಗಳಿಗಾಗಿ ಬರೆದುದು. ಆ ಕಂಪೆನಿ ತನ್ನ ಚಿಪ್ಪಿನ ಭಾಷೆಯನ್ನು ಮುಚ್ಚುಮರೆಯಿಲ್ಲದೆ ಕೈಪಿಡಿಗಳಲ್ಲಿ ಪ್ರಕಟಿಸಿತ್ತು. ಅಂಥ ಚಿಪ್ಪುಗಳನ್ನು ನಾಲ್ಕು ನಾಲ್ಕರಂತೆ ಒಂದು ಕಾರ್ಡಿನ ಮೇಲೆ ಕೂರಿಸಿ, ನಡುವೆ ‘ಬ್ರಿಜ್’ ಎಂಬ ಸೇತುವೆಯ ಚಿಪ್ಪನ್ನಿಟ್ಟು, ನಾಲ್ಕು ಪೋರ್ಟಿನ ಕಾರ್ಡುಗಳನ್ನು ಬೇರೆ ಬೇರೆ ತಯಾರಕರು ಮಾಡಿದರು. ಇಲ್ಲೊಂದು ತಮಾಷೆ ನಡೆಯಿತು. ಜಾಲದ ಪ್ರತಿಯೊಂದು ಪೋರ್ಟಿಗೂ ಲೋಕದಲ್ಲಿ ಇನ್ನೊಂದಕ್ಕಿಲ್ಲದ ಒಂದು ವಿಳಾಸಸಂಖ್ಯೆ ಇರಬೇಕಷ್ಟೆ. ಆ ಸಂಖ್ಯೆಯನ್ನು ಬರೆದಿಡುವ ಪುಟ್ಟ ಸ್ಮೃತಿಚಿಪ್ಪನ್ನು ಕೆಲವರು ನಾಲ್ಕು ಪೋರ್ಟುಗಳಿಗೂ ಸೇರಿ ಒಂದೇ ಒಂದು ಇಟ್ಟರು. ನಾಲ್ಕು ಕಾಸಿನ ಉಳಿತಾಯ! ಮೊದಲ ಪೋರ್ಟಿಗೆ ಹೆಸರುಂಟು, ಉಳಿದ ಮೂರು ಹೆಸರಿಲ್ಲದ ಕೂಸುಗಳು. ಇದನ್ನು ಗಮನಿಸಿ ಟ್ಯುಲಿಪ್ ಡ್ರೈವರಿನಲ್ಲಿ ಒಂದು ಏರ್ಪಾಡು ಮಾಡಲಾಯಿತು: ಪೋರ್ಟಿಗೆ ವಿಳಾಸವೇ ಇಲ್ಲವೆಂದು ಕಂಡರೆ, ಹಿಂದಿನ ಪೋರ್ಟಿನ ಸಂಖ್ಯೆಗೆ ಒಂದನ್ನು ಕೂಡಿಸಿ ಅದನ್ನೇ ಇಟ್ಟುಬಿಡುವುದು. ನಾಮಕರಣವನ್ನೂ ಮಾವುತನೇ ಮಾಡಿದಂತಾಯಿತು.

ಆ ಚಿಪ್ಪುಗಳನ್ನು ಮಾಡಿದ ಕಂಪೆನಿಯ ಕಥೆ ಮುಂದೆ ಏನಾಯಿತೆಂಬುದನ್ನೂ ತಿಳಿಯಬೇಕು. 1998ರಲ್ಲಿ ಅದರ ಚಿಪ್ ತಯಾರಿಕೆ ಇಂಟೆಲ್ ಪಾಲಾಯಿತು. ಅದೇ ವರ್ಷ ಉಳಿದ ಕಂಪೆನಿಯನ್ನು ಕಾಂಪ್ಯಾಕ್ ಕೊಂಡಿತು. 2002ರಲ್ಲಿ ಕಾಂಪ್ಯಾಕನ್ನೇ ಎಚ್‌ಪಿ ಕೊಂಡಿತು. ಮಾರಿದವನು ಹೋದ, ಅವನನ್ನು ಕೊಂಡವನೂ ಹೋದ. ಟ್ಯುಲಿಪ್ ಡ್ರೈವರು ಮಾತ್ರ, ಕೈಯಿಂದ ಕೈಗೆ ದಾಟಿ, ಅನಂತರವೂ ವರ್ಷಗಟ್ಟಲೆ ಕರ್ನೆಲ್ಲಿನಲ್ಲಿ ಉಳಿದು ಹಳೆಯ ಕಾರ್ಡುಗಳನ್ನು ನಡೆಸಿತು. ಅದರ ಭಾಷೆ ಬಹಿರಂಗವಾಗಿದ್ದುದೇ ಇದಕ್ಕೆ ಕಾರಣ, ಬೇರೇನೂ ಇಲ್ಲ.

ತಯಾರಕನೇ ಡ್ರೈವರನ್ನು ಕೊಟ್ಟರೂ ಅದು ಸಾಲದಾದ ನಿದರ್ಶನಗಳುಂಟು. ಬ್ರಾಡ್‌ಕಾಂ ಕಂಪೆನಿಯ ಗಿಗಾಬಿಟ್ ಚಿಪ್ಪುಗಳು ಬಂದಾಗ ಕಂಪೆನಿ ತನ್ನದೊಂದು ಡ್ರೈವರನ್ನು ಹೊರತಂದಿತು. ಲಿನಕ್ಸಿನ ಜಾಲವಿಭಾಗವನ್ನು ನೋಡಿಕೊಳ್ಳುತ್ತಿದ್ದ ಡೇವಿಡ್ ಮಿಲ್ಲರ್ ಮತ್ತು ಜೆಫ್ ಗಾರ್ಜಿಕ್ ಅದನ್ನು ಒಪ್ಪಲಿಲ್ಲ. 2002ರ ಸುಮಾರಿಗೆ ‘ಟಿಜಿ3’ ಎಂಬ ತಮ್ಮದೇ ಡ್ರೈವರನ್ನು ಹೊಸದಾಗಿ ಬರೆದು ಕರ್ನೆಲ್ಲಿಗೆ ಸೇರಿಸಿದರು. ಮುಂದೆ ಬ್ರಾಡ್‌ಕಾಂನ ಇಂಜಿನಿಯರುಗಳೇ ಬಂದು ಆ ಡ್ರೈವರಿನ ಆರೈಕೆಗೆ ಕೈಹಚ್ಚಿದರು. ಮನೆಯ ಅಡುಗೆಯನ್ನು ಮೆಚ್ಚಿ ಹೋಟೆಲಿನ ಬಾಣಸಿಗನೇ ಮನೆಗೆ ಬಂದಂತೆ! ಇಂದು ಹಳೆಯ ಸರ್ವರುಗಳಿಂದ ಹೊರಬೀಳುವ, ಬಿಸಿಎಂ5719 ಎಂಬ ಚಿಪ್ಪಿನ ನಾಲ್ಕು ಪೋರ್ಟಿನ ಕಾರ್ಡುಗಳು ನಡೆಯುವುದು ಇದೇ ಟಿಜಿ3ಯಿಂದ. ಈ ಚಿಪ್ಪಿನ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದವರುಂಟು. ಡ್ರೈವರು ಬಹಿರಂಗವಾದರೂ ಚಿಪ್ಪಿನ ಹೊಟ್ಟೆಯೊಳಗೆ ಫರ್ಮ್‌ವೇರ್ ಎಂಬ ಇನ್ನೊಂದು ಗುಪ್ತ ಕ್ರಮವಿಧಿ ಇರುತ್ತದೆ. 2018ರಲ್ಲಿ ಗ್ರಾಹಕರ ಕೈಸೇರತೊಡಗಿದ ಟಾಲೋಸ್ 2 ಎಂಬ ಕಂಪ್ಯೂಟರಿನಲ್ಲಿ ಉಳಿದೆಲ್ಲ ಫರ್ಮ್‌ವೇರ್ ಮುಕ್ತವಾಗಿರಬೇಕೆಂದು ಹಟ ಹಿಡಿದವರಿಗೆ ಈ ಚಿಪ್ಪೊಂದು ಕಣ್ಣಿನ ಕಸವಾಗಿತ್ತು. ಅನಂತರದ ವರ್ಷಗಳಲ್ಲಿ ಉತ್ಸಾಹಿಗಳು ಚಿಪ್ಪಿನ ವರ್ತನೆಯನ್ನು ಅಭ್ಯಸಿಸಿ, ಒಬ್ಬರು ವಿವರಣೆ ಬರೆದು, ಇನ್ನೊಬ್ಬರು ಅದನ್ನು ಮಾತ್ರ ಓದಿ, ಹೊಸ ಮುಕ್ತ ಫರ್ಮ್‌ವೇರನ್ನು ಸಿದ್ಧಪಡಿಸಿದರು.

ಮುಕ್ತವಾದುದೆಲ್ಲ ನಿರ್ದೋಷವೆಂದು ಯಾರೂ ತಿಳಿಯಬಾರದು. 2008ರ ಸೆಪ್ಟೆಂಬರಿನಲ್ಲಿ ಲಿನಕ್ಸಿನವರಿಗೆ ನಿದ್ದೆಗೆಡಿಸಿದ ಘಟನೆಯೊಂದು ನಡೆಯಿತು. ಕರ್ನೆಲ್ಲಿನ 2.6.27ನೆಯ ಆವೃತ್ತಿ ಇನ್ನೂ ಪರೀಕ್ಷೆಯಲ್ಲಿತ್ತು. ಅದನ್ನು ಹಾಕಿಕೊಂಡ ಕೆಲವರ ಯಂತ್ರಗಳಲ್ಲಿ ಇಂಟೆಲ್ ಕಂಪೆನಿಯ ಜಾಲಚಿಪ್ಪುಗಳು ಏಕಾಏಕಿ ಸತ್ತುಹೋದುವು. ಸತ್ತುವೆಂದರೆ ಹಳೆಯ ಕರ್ನೆಲ್ಲಿಗೆ ಮರಳಿದರೂ ಏಳಲಿಲ್ಲ. ಅವುಗಳ ವಿಳಾಸಸಂಖ್ಯೆ ಮೊದಲಾದುವನ್ನು ಬರೆದಿಟ್ಟ ಸ್ಮೃತಿಯೇ ಅಳಿಸಿಹೋಗಿತ್ತು. ಕ್ರಮವಿಧಿಯೊಂದು ಯಂತ್ರಾಂಗವನ್ನೇ ಕೊಂದ ಪ್ರಸಂಗ! ಎಲ್ಲರ ಬೆರಳೂ ಸಹಜವಾಗಿ ‘ಇ1000ಇ’ ಎಂಬ ಡ್ರೈವರಿನ ಕಡೆ ತಿರುಗಿತು. ಕೆಲವು ಲಿನಕ್ಸ್ ಹಂಚಿಕೆಯವರು ತಮ್ಮ ಪರೀಕ್ಷಾ ಆವೃತ್ತಿಗಳಲ್ಲಿ ಅದನ್ನು ತಡೆಹಿಡಿದರು. ಇಂಟೆಲ್ಲಿನ ಇಂಜಿನಿಯರುಗಳು ಆ ಸ್ಮೃತಿಗೆ ಯಾರೂ ಬರೆಯಲಾಗದಂತೆ ಬೀಗ ಹಾಕುವ ತಿದ್ದುಪಡಿಯನ್ನು ಮೊದಲು ಕೊಟ್ಟರು. ಅಕ್ಟೋಬರಿನಲ್ಲಿ ನಿಜವಾದ ಅಪರಾಧಿ ಸಿಕ್ಕಿತು. ಅದು ಡ್ರೈವರಲ್ಲವೇ ಅಲ್ಲ! ಕರ್ನೆಲ್ಲಿನ ಒಳಗಿನ ಓಡಾಟವನ್ನು ಗುರುತು ಹಾಕಿಕೊಳ್ಳುವ ‘ಎಫ್‌ಟ್ರೇಸ್’ ಎಂಬ ಬೇರೊಂದು ಸಾಧನ. ಖಾಲಿಯಾಗಿ ಬೇರೆಯವರ ಪಾಲಾಗಿದ್ದ ಸ್ಥಳವನ್ನು ಅದು ಇನ್ನೂ ಹಳೆಯ ವಾಸಸ್ಥಾನವೆಂದೇ ಬಗೆದು ಅಲ್ಲಿ ಗೀಚಿತ್ತು. ಆ ಸ್ಥಳ ಅಷ್ಟರಲ್ಲಿ ಜಾಲಚಿಪ್ಪಿನ ಸ್ಮೃತಿಗೆ ಹೋಗುವ ಕಿಂಡಿಯಾಗಿ ಬದಲಾಗಿತ್ತು. ಡ್ರೈವರು, ಕರ್ನೆಲ್, ಗುರುತುಸಾಧನ ಮೂರೂ ಎಲ್ಲರ ಕಣ್ಣೆದುರು ತೆರೆದಿದ್ದುದರಿಂದಲೇ ಒಂದರ ಪಾಪ ಇನ್ನೊಂದರ ತಲೆಗೆ ಕಟ್ಟಲ್ಪಡದೆ ಉಳಿಯಿತು. ಮೂರರಲ್ಲಿ ಒಂದು ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಇಷ್ಟು ಬೇಗ ತೀರ್ಪು ಆಗುವುದು ಕಷ್ಟವಿತ್ತು.

ಇನ್ನು ಪೇಟೆಯ ಮಾತು. ಕಾರ್ಡಿನ ಡಬ್ಬಿಯ ಮೇಲಿನ ಹೆಸರಿಗಿಂತ ಅದರೊಳಗಿನ ಚಿಪ್ಪಿನ ಹೆಸರು ಮುಖ್ಯ. ಒಂದೇ ಚಿಪ್ಪು ಹತ್ತು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಅದಕ್ಕಿಂತ ಅಪಾಯವೆಂದರೆ, ಒಂದೇ ಹೆಸರಿನ ಡಬ್ಬಿಯಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಚಿಪ್ಪುಗಳು ಬರುವುದೂ ಉಂಟು. ಮನೆಯ ಬಳಕೆಗೆ, ಸೆಕೆಂಡಿಗೆ ಒಂದು ಗಿಗಾಬಿಟ್ ವೇಗ ಸಾಕೆನ್ನುವವರಿಗೆ, ಇಂಟೆಲ್ಲಿನ ಐ350 ಎಂಬ ಚಿಪ್ಪು ನಿಶ್ಚಿಂತೆಯ ಆಯ್ಕೆ. 2011ರಲ್ಲಿ ಬಂದ ಇದರಲ್ಲಿ ನಾಲ್ಕು ಪೋರ್ಟುಗಳಿಗೂ ಒಂದೇ ಚಿಪ್ಪು. ನಡುವೆ ಸೇತುವೆ ಬೇಕಿಲ್ಲ. ನಾಲ್ಕು ಪೋರ್ಟಿನ ಕಾರ್ಡು ಸುಮಾರು 5 ವ್ಯಾಟ್ ವಿದ್ಯುತ್ತನ್ನು ತಿನ್ನುತ್ತದೆ. ಹಗಲಿರುಳೂ ಚಾಲೂ ಇರುವ ಯಂತ್ರಕ್ಕೆ ಇದು ಸಣ್ಣ ವಿಷಯವಲ್ಲ. ನೂರಾರು ಪುಟಗಳ ಇದರ ವಿವರಗ್ರಂಥವನ್ನು ಕಂಪೆನಿ ಎಲ್ಲರಿಗೂ ತೆರೆದಿಟ್ಟಿದೆ. ಇದನ್ನು ನಡೆಸುವ ‘ಐಜಿಬಿ’ ಎಂಬ ಡ್ರೈವರು 2008ರಿಂದಲೂ ಕರ್ನೆಲ್ಲಿನೊಳಗೇ ಇದೆ; ಇದಕ್ಕಿಂತ ಹಿಂದಿನ 82576, 82580 ಚಿಪ್ಪುಗಳನ್ನೂ ಅದೇ ನಡೆಸುತ್ತದೆ. ಮನೆಯ ಹೆಬ್ಬಾಗಿಲಿಗೆ ಲಿನಕ್ಸಿನ ಬದಲು ಫ್ರೀಬಿಎಸ್‌ಡಿಯ ತಳಹದಿಯ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಮೊದಲಾದುವನ್ನು ಹಾಕುವವರಿಗೂ ಈ ಚಿಪ್ಪು ತೊಂದರೆ ಕೊಡುವುದಿಲ್ಲ. ಆ ವ್ಯವಸ್ಥೆಗಳ ಡ್ರೈವರುಗಳ ಪಟ್ಟಿ ಲಿನಕ್ಸಿನದಕ್ಕಿಂತ ಬೇರೆ. ಒಂದರಲ್ಲಿ ನಡೆದುದು ಇನ್ನೊಂದರಲ್ಲಿಯೂ ನಡೆಯುತ್ತದೆಂದು ಊಹಿಸಿ ದುಡ್ಡು ಕೊಡುವುದು ಸರಿಯಲ್ಲ.

ಅಗ್ಗದ ಚಿಪ್ಪುಗಳ ವಿಷಯದಲ್ಲಿ ಹಿಂದಿನವರು ಕಠಿಣವಾಗಿಯೇ ಬರೆದಿದ್ದಾರೆ. ರಿಯಲ್‌ಟೆಕ್ ಕಂಪೆನಿಯ 8139 ಎಂಬ ಚಿಪ್ಪಿಗೆ ಫ್ರೀಬಿಎಸ್‌ಡಿಯ ಡ್ರೈವರನ್ನು ಬರೆದ ಬಿಲ್ ಪಾಲ್, ಡ್ರೈವರಿನ ಟಿಪ್ಪಣಿಯಲ್ಲಿಯೇ ಅದರ ಮಾನ ಹರಾಜು ಹಾಕಿದನು. ಕಾರಣವಿತ್ತು: ಬಂದ ಪ್ರತಿಯೊಂದು ಪೊಟ್ಟಣವನ್ನೂ ಕಂಪ್ಯೂಟರೇ ಇನ್ನೊಂದು ಕಡೆಗೆ ನಕಲು ಮಾಡಿಕೊಳ್ಳಬೇಕಾದ ರಚನೆ ಅದರದು, ಕಾರ್ಡು ಮಾಡಬೇಕಾದ ಕೂಲಿಯನ್ನು ಯಜಮಾನನೇ ಮಾಡಿದಂತೆ. ಆದರೆ ಅದು ಹಳೆಯ ಕಥೆ. ಅದೇ ಕಂಪೆನಿಯ ಇಂದಿನ ಚಿಪ್ಪುಗಳು ಅಷ್ಟು ಕೀಳಲ್ಲ. ಎರಡೂವರೆ ಗಿಗಾಬಿಟ್ ವೇಗದ ಆರ್‌ಟಿಎಲ್8125 ಚಿಪ್ಪನ್ನು ಲಿನಕ್ಸ್ ಕರ್ನೆಲ್ 2019ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. ಅಂಥ ನಾಲ್ಕು ಚಿಪ್ಪುಗಳನ್ನು ಜೋಡಿಸಿದ ಕಾರ್ಡುಗಳು ಈಗ ಪೇಟೆಯಲ್ಲಿ ಸಿಗುತ್ತವೆ. ಹೊಸ ಕರ್ನೆಲ್ ಹಾಕಿಕೊಳ್ಳುವ ಲಿನಕ್ಸಿನವರಿಗೆ ಅವು ನಡೆದಾವು. ಇತ್ತ, ದೊಡ್ಡ ಹೆಸರೊಂದೇ ರಕ್ಷೆಯಲ್ಲವೆಂಬುದಕ್ಕೆ ಇಂಟೆಲ್ಲಿನದೇ ಐ225 ಸಾಕ್ಷಿ. ಅದರ ಮೊದಲ ತಯಾರಿಕೆಗಳಲ್ಲಿ ಪೊಟ್ಟಣ ಪೊಟ್ಟಣಗಳ ನಡುವೆ ಬಿಡಬೇಕಾದ ತೆರಪಿನಲ್ಲಿ ದೋಷವಿದ್ದು, ಕೆಲವು ಸಾಧನಗಳೊಡನೆ ಎರಡೂವರೆ ಗಿಗಾಬಿಟ್ ವೇಗದಲ್ಲಿ ಪೊಟ್ಟಣಗಳು ಕಳೆದುಹೋಗುತ್ತಿದ್ದುವೆಂಬುದು 2020ರಲ್ಲಿ ಬೆಳಕಿಗೆ ಬಂದಿತು. ಚಿಪ್ಪನ್ನೇ ತಿದ್ದಿ ಮತ್ತೆ ತಯಾರಿಸಬೇಕಾಯಿತು. ಎಷ್ಟು ಒಳ್ಳೆಯ ಮಾವುತನಾದರೂ ಹುಟ್ಟುಕುಂಟ ಆನೆಯನ್ನು ಏನು ಮಾಡಿಯಾನು?

ಕಾರ್ಡು ಕೂರುವ ಜಾಗದ ವಿಷಯ ಚಿಕ್ಕದು, ಆದರೆ ಮರೆಯುವಂಥದಲ್ಲ. ಹಳೆಯ ಪಿಸಿಐ ಕಿಂಡಿಯ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 133 ಮೆಗಾಬೈಟ್. ನಾಲ್ಕು ಗಿಗಾಬಿಟ್ ಪೋರ್ಟುಗಳು ಒಂದು ದಿಕ್ಕಿನಲ್ಲಿ ತುಂಬಿ ಹರಿದರೇ 500 ಮೆಗಾಬೈಟ್ ಆಗುತ್ತದೆ. ಓಣಿಯೊಳಗೆ ತೇರು ಎಳೆದಂತೆ! ಈಗಿನ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಯ ಎರಡನೆಯ ಪೀಳಿಗೆಯಲ್ಲಿ ಒಂದೊಂದು ದಾರಿಗೂ ಒಂದೊಂದು ದಿಕ್ಕಿನಲ್ಲಿ 500 ಮೆಗಾಬೈಟ್ ಇದ್ದು, ಐ350 ಅಂಥ ನಾಲ್ಕು ದಾರಿಗಳನ್ನು ಬಳಸುತ್ತದೆ. ಆದುದರಿಂದ ಮನೆಯ ಯಂತ್ರದಲ್ಲಿ ಉದ್ದನೆಯ ಕಿಂಡಿಯೊಂದು ಖಾಲಿ ಇದೆಯೇ ಎಂದು ಮುಚ್ಚಳ ತೆಗೆದು ನೋಡಿಕೊಂಡೇ ಅಂಗಡಿಗೆ ಹೊರಡಬೇಕು. ಸರ್ವರುಗಳಿಂದ ಬಿಚ್ಚಿದ ಕಾರ್ಡುಗಳ ತುದಿಯ ಲೋಹದ ಪಟ್ಟಿ ಕೆಲವೊಮ್ಮೆ ಗಿಡ್ಡವಾಗಿರುತ್ತದೆ. ಮನೆಯ ದೊಡ್ಡ ಪೆಟ್ಟಿಗೆಗೆ ಅದು ಹೊಂದುವುದಿಲ್ಲ. ಉದ್ದನೆಯ ಪಟ್ಟಿಯನ್ನೂ ಕೇಳಿ ತೆಗೆದುಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಈ ವ್ಯಾಪಾರದಲ್ಲಿ ಅದೇ ಎಷ್ಟೋ ವೇಳೆ ಬುದ್ಧಿವಂತಿಕೆ. ಐ350 ಹೆಸರಾದಷ್ಟೂ ಅದರ ನಕಲಿಗಳೂ ಹೆಚ್ಚಿದುವು. ಹೊಳೆಯುವ ಹೊಸ ಡಬ್ಬಿಯಲ್ಲಿ, ಇಂಟೆಲ್ಲಿನ ಹೆಸರು ಹೊತ್ತು, ನಂಬಲಾಗದಷ್ಟು ಅಗ್ಗವಾಗಿ ಬರುವ ಕಾರ್ಡುಗಳನ್ನು ನಂಬದಿರುವುದೇ ಲೇಸು. ಅವಕ್ಕಿಂತ ದೊಡ್ಡ ಕಂಪೆನಿಗಳ ಸರ್ವರುಗಳಿಂದ ನಿವೃತ್ತಿಯಾಗಿ ಬಂದ ಕಾರ್ಡುಗಳು ವಾಸಿ. ಡೆಲ್ ಹೆಸರಿನ ಐ350 ಕಾರ್ಡುಗಳು, ಎಚ್‌ಪಿಯ 366ಟಿ, ಇವು ಅದೇ ಚಿಪ್ಪಿನವು; ಎಚ್‌ಪಿಯ 331ಟಿ ಹಿಂದೆ ಹೇಳಿದ ಬ್ರಾಡ್‌ಕಾಂ ಚಿಪ್ಪಿನದು. ಸ್ವಲ್ಪ ಧೂಳಿರಬಹುದು. ಧೂಳನ್ನು ಒರೆಸಬಹುದು, ನಕಲಿಯನ್ನು ಅಸಲಿ ಮಾಡಲಾಗದು.

ನಮ್ಮ ಗೃಹಸ್ಥರು ಮುಂದಿನ ಶನಿವಾರ ಮಗಳೊಡನೆ ಎಸ್.ಪಿ. ರಸ್ತೆಗೆ ಹೊರಟರು. ಸಂದರ್ಶನ ಚೆನ್ನಾಗಿಯೇ ನಡೆದಿತ್ತು. ಉತ್ತರ ಇನ್ನೂ ಬಂದಿರಲಿಲ್ಲ. ಆಕೆಯ ಚೀಲದಲ್ಲಿ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದಿತ್ತು. ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ, ಅದರೊಳಗೆ ಏನನ್ನೂ ಅಳಿಸದೆ, ನೇರವಾಗಿ ಲಿನಕ್ಸನ್ನು ಎಬ್ಬಿಸುವಂಥದು. ಗಲ್ಲಿಯೊಳಗಿನ ಅಂಗಡಿಯವನು ಒಂದು ಸರ್ವರ್ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟ.

“ಒಳ್ಳೆಯ ಮಾಲು ಸಾರ್, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ.”

“ಕಣ್ಣು ತೆರೆದುಕೊಂಡೇ ನೋಡುತ್ತೇವಣ್ಣ, ಐದೇ ನಿಮಿಷ,” ಎಂದಳು ಮಗಳು.

ಅಂಗಡಿಯ ಪರೀಕ್ಷಾಯಂತ್ರಕ್ಕೆ ಕಾರ್ಡನ್ನು ಹಾಕಿ, ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದರು. ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆ ಕೊಟ್ಟರೆ ಯಂತ್ರದೊಳಗಿನ ಕಾರ್ಡುಗಳೆಲ್ಲ ತಮ್ಮ ಕುಲಗೋತ್ರ ಹೇಳಿಕೊಳ್ಳುತ್ತವೆ. ಗೋತ್ರಸಂಖ್ಯೆಯನ್ನೂ ತೋರಿಸೆಂದು ಕೇಳಿದಾಗ 8086:1521 ಎಂಬ ಸಾಲು ನಾಲ್ಕು ಬಾರಿ ಬಂದಿತು. ಮೊದಲ ಭಾಗ ಇಂಟೆಲ್, ಎರಡನೆಯದು ಐ350. ‘ಈಥ್‌ಟೂಲ್’ ಎಂಬ ಇನ್ನೊಂದು ಸಾಧನವನ್ನು ಕೇಳಿದಾಗ ಡ್ರೈವರಿನ ಹೆಸರು ಐಜಿಬಿ ಎಂದಿತು. ಹೊರಗಿನಿಂದ ಏನನ್ನೂ ತಂದು ಹಾಕಿರಲಿಲ್ಲ. ಮಾವುತ ಮೊದಲೇ ಕಾದು ನಿಂತಿದ್ದ. ತಂದೆ ಜೇಬಿಗೆ ಕೈಹಾಕಿದರು.

“ಇನ್ನೂ ಇಲ್ಲ, ಅಪ್ಪ,” ಎಂದು ಮಗಳು ಒಂದೇ ಕೇಬಲ್ಲನ್ನು ಒಂದೊಂದು ಪೋರ್ಟಿಗೂ ಸಿಕ್ಕಿಸಿ ನೋಡತೊಡಗಿದಳು. ಮೊದಲನೆಯದರಲ್ಲಿ ದೀಪ ಹತ್ತಿತು, ವೇಗ 1000 ಎಂದು ತೋರಿತು. ಎರಡನೆಯದೂ ಹಾಗೆಯೇ. ಮೂರನೆಯದೂ ಹಾಗೆಯೇ. ನಾಲ್ಕನೆಯದರಲ್ಲಿ ದೀಪವೇನೋ ಹತ್ತಿತು, ಆದರೆ ವೇಗ ನೂರಕ್ಕೆ ನಿಂತುಬಿಟ್ಟಿತು; ಕೇಬಲ್ಲನ್ನು ತೆಗೆದು ಹಾಕಿದರೂ ಅಷ್ಟೆ. ಪೋರ್ಟಿನೊಳಗೆ ದೀಪ ಹಿಡಿದು ನೋಡಿದರೆ ಒಂದು ತಂತಿ ಬಾಗಿತ್ತು. ಅಂಗಡಿಯವನು ಆಕೆಯ ಮುಖವನ್ನೊಮ್ಮೆ ನೋಡಿ, ಮರುಮಾತಿಲ್ಲದೆ ಒಳಗೆ ಹೋಗಿ ಇನ್ನೊಂದು ಕಾರ್ಡನ್ನು ತಂದ.